ಎರಡನೇ ಮಿಷಿನ್ನಿಗೆ ಆರಿಸಿದ ಅಕ್ಷರ

ಹೊಸದಾಗಿ ಸೇರಿದವರಿಗೆ ಮೊದಲ ವಾರ ಏನು ಕಲಿಸಬೇಕು ಎಂದು ದೀಪಿಕಾ ಫೋನಿನಲ್ಲಿ ಕೇಳಿದಳು. "ಕಂಪ್ಯೂಟರ್ ಪರದೆ ಒರೆಸೋದು ಕಲಿಸಮ್ಮ" ಎಂದೆ. ಅವಳು ನಕ್ಕಳು. "ಮೇಡಂ, ಅದನ್ನೇ ಬರ್ದು ಕೊಡಿ. ನಾನು ಹೇಳಿದ್ರೆ ಯಾರೂ ಕೇಳಲ್ಲ. ನೀವು ಬರ್ದಿದ್ದು ಅಂದ್ರೆ ಓದ್ತಾರೆ."

ದೀಪಿಕಾ ಈಗ ದೊಡ್ಡಬಳ್ಳಾಪುರದ ನಮ್ಮ ಕಾರ್ಖಾನೆಯಲ್ಲಿ ಪ್ರೋಗ್ರಾಂ ವಿಭಾಗ ನೋಡಿಕೊಳ್ಳುತ್ತಾಳೆ. ನಾನು ಅದೇ ವಿಭಾಗದಲ್ಲಿದ್ದು ನಿವೃತ್ತಳಾದವಳು. ಹೆಸರು ಸುಶೀಲ. ಹೆಚ್ಚು ಓದಿದವಳಲ್ಲ. ಎಸ್ಸೆಸ್ಸೆಲ್ಸಿ, ಅದರ ಮೇಲೆ ಟೈಪಿಂಗ್, ಅಷ್ಟೇ. ಲೋಹ ಕೊರೆಯುವ ಕಂಪ್ಯೂಟರ್ ಯಂತ್ರಗಳಿಗೆ ಪ್ರೋಗ್ರಾಂ ಟೈಪು ಮಾಡುತ್ತ ಮಾಡುತ್ತ ಪ್ರೋಗ್ರಾಂ ಬರೆಯುವುದನ್ನೂ ಕಲಿತೆ.

ನಮ್ಮ ಯಜಮಾನರು ಹೋದ ಮಾಘದಲ್ಲಿ ತೀರಿಕೊಂಡರು. ಅವರೂ ಅದೇ ಕಾರ್ಖಾನೆಯವರು. ಮಧ್ಯಾಹ್ನ ಊಟವಾದ ಮೇಲೆ ಮನೆ ಬಹಳ ಸುಮ್ಮನಿರುತ್ತದೆ. ಆ ಹೊತ್ತಿಗೆ ಇದನ್ನು ಬರೆಯುತ್ತಿದ್ದೇನೆ. ಕೆಲಸದ ಬಗ್ಗೆ ಬರೆಯಲು ಕೂತರೆ ಅವರ ಬಗ್ಗೆಯೇ ಆಗುತ್ತದೆ. ಅದಕ್ಕೆ ನಾನೇನೂ ಮಾಡಲಾರೆ.

ನಾನು ದೊಡ್ಡಬಳ್ಳಾಪುರಕ್ಕೆ ಹತ್ತಿರದ ವಿಜಯಪುರದವಳು. ನಮ್ಮ ಬೀದಿಯಲ್ಲಿ ರೇಷ್ಮೆ ಹುರಿ ಮಾಡುವ ಯಂತ್ರಗಳ ಸದ್ದಿನ ನಡುವೆಯೇ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಇಂಗ್ಲಿಷಿನ ಸಣ್ಣ ಐ ಅಕ್ಷರಕ್ಕೂ ಅಷ್ಟೇ ಜಾಗ, ದೊಡ್ಡ ಡಬ್ಲ್ಯೂಗೂ ಅಷ್ಟೇ ಜಾಗ. ಒಂದರ ಕೆಳಗೊಂದು ಅಂಕಿ ಹೊಡೆದರೆ ಬಿಡಿಸ್ಥಾನದ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂಲು ಹಿಡಿದಂತೆ ನಿಲ್ಲುತ್ತಿದ್ದವು. ಎಲ್ಲಾದರೂ ಒಂದು ಅಂಕಿ ಬಿಟ್ಟುಹೋದರೆ ಸಾಲು ಮೊಂಡಾಗಿ ತಾನೇ ಹೇಳುತ್ತಿತ್ತು. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವವರು ಇವತ್ತಿಗೂ ಸಮ ಅಗಲದ ಫಾಂಟನ್ನೇ ಕೇಳುವುದು ಈ ಕಾರಣಕ್ಕೆ. ಅದು ನೋಡಲು ಚೆಂದವೇನಲ್ಲ. ಆದರೆ ತಪ್ಪನ್ನು ಮುಚ್ಚಿಡುವುದಿಲ್ಲ.

ಅದೇ ಟೈಪ್‌ರೈಟರ್ ನನಗೆ ಒಂದು ಕೆಟ್ಟ ಅಭ್ಯಾಸವನ್ನೂ ಕೊಟ್ಟಿತ್ತು. ಅದರಲ್ಲಿ ಒಂದು ಎಂಬ ಅಂಕಿಯ ಕೀಲಿಯೇ ಇರಲಿಲ್ಲ. ಒಂದು ಬೇಕಾದರೆ ಇಂಗ್ಲಿಷಿನ ಸಣ್ಣ ಎಲ್ ಹೊಡೆಯಬೇಕು. ಹಾಗೆಂದೇ ನಮಗೆ ಕಲಿಸಿದ್ದು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ. ನಮ್ಮ ಯಜಮಾನರು ತಮ್ಮ ಕಾರ್ಖಾನೆಯಲ್ಲಿ "ನಮ್ಮನೆಯವ್ರಿಗೆ ಟೈಪಿಂಗ್ ಬರುತ್ತೆ ಸಾರ್" ಎಂದು ಹೇಳಿ ಕೆಲಸ ಕೊಡಿಸಿದರು. ಮೊದಲ ಸಲ ಒಂದು ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹೊಡೆದೆ. ಅದನ್ನು ಯಂತ್ರಕ್ಕೆ ಕೊಟ್ಟರೆ ಮೊದಲ ಸಾಲಿಗೇ ಕೆಂಪು ದೀಪ. ಆಗಿದ್ದ ಫೋರ್‌ಮನ್ ವಯಸ್ಸಾದವರು. ಹಸಿರು ಅಕ್ಷರದ ಪರದೆಗೆ ಮೂಗು ತಾಗಿಸಿಕೊಂಡು ಬಹಳ ಹೊತ್ತು ನೋಡಿದರು. ಎಲ್ಲ ಸರಿಯಾಗಿಯೇ ಇದೆ.

"ಏನಮ್ಮಾ ಹೊಡೆದಿದ್ದೀಯ ಇದು? ನನ್ನ ಕಣ್ಣಿಗೆ ಸರಿ ಕಾಣುತ್ತೆ, ಮಿಷಿನ್‌ಗೆ ಕಾಣಲ್ಲ."

"ಒಂದು ಹೊಡೆದಿದ್ದೀನಿ ಸಾರ್."

"ಯಾವ ಕೀಲಿ ಒತ್ತಿದೆ, ತೋರಿಸು."

ತೋರಿಸಿದೆ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಇಲ್ಲಿ ಒಂದಕ್ಕೆ ಅಂತಾನೇ ಬೇರೆ ಮನೆ ಕಟ್ಟಿದ್ದಾರೆ ಕಣಮ್ಮ, ನೀನು ಬಾಡಿಗೆ ಮನೇಲಿ ಕೂರಿಸಿದ್ದೀಯ" ಎಂದರು. ಆ ಪರದೆಯಲ್ಲಿ ಸಣ್ಣ ಎಲ್ ಮತ್ತು ಒಂದು, ಎರಡೂ ಅವಳಿಜವಳಿಯಂತಿದ್ದವು. ಕಣ್ಣಿಗೆ ಒಂದೇ ಆದದ್ದು ಯಂತ್ರಕ್ಕೆ ಬೇರೆ ಬೇರೆ. ಈ ಕೆಲಸದ ಕಷ್ಟವೆಲ್ಲ ಇದರೊಳಗೇ ಇದೆ ಎಂದು ನನಗೆ ಆಗ ಗೊತ್ತಾಗಲಿಲ್ಲ.

ನಮ್ಮ ಯಜಮಾನರ ಹೆಸರು ಮುನಿರಾಜು. ಮಾಕಳಿದುರ್ಗದ ಕಡೆಯವರು. ಕಾರ್ಖಾನೆಯಲ್ಲಿ ಎಲ್ಲರಿಗೂ ರಾಜಣ್ಣ. ಎರಡನೇ ಮಿಷಿನ್ ಅವರದು. ನನಗೆ ಮಾತ್ರ ತೊಂದರೆ. ಗಂಡನ ಹೆಸರು ಹಿಡಿದು ಕೂಗುವಂತಿಲ್ಲ, ಎಲ್ಲರಂತೆ ರಾಜಣ್ಣ ಎನ್ನುವ ಹಾಗಂತೂ ಇಲ್ಲ. ಪ್ರೋಗ್ರಾಂ ಸಿದ್ಧವಾದರೆ ಬಾಗಿಲಿಗೆ ಬಂದು "ಎರಡನೇ ಮಿಷಿನ್ನವರೇ" ಎಂದು ಕೂಗುತ್ತಿದ್ದೆ. ಪಕ್ಕದ ಯಂತ್ರದ ಮಂಜುನಾಥ "ರಾಜಣ್ಣ, ಮನೇಲೂ ಹಿಂಗೇನಾ? ಎರಡನೇ ಮಿಷಿನ್ನವರೇ, ಮುದ್ದೆಗೆ ಬನ್ನಿ ಅಂತಾರಾ?" ಎಂದು ಕಾಡಿಸುತ್ತಿದ್ದ. ಇವರು "ಮನೇಲಿ ಒಂದನೇ ಮಿಷಿನ್ ಅವರೇ ಕಣೋ. ನಾನು ಬರೀ ಎಣ್ಣೆ ಹಾಕೋನು" ಎನ್ನುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಯಾವ ಪ್ರೋಗ್ರಾಮನ್ನೂ ಓದಿಸದೆ ಯಂತ್ರಕ್ಕೆ ಕೊಡುವಂತಿಲ್ಲ. ಆಪರೇಟರ್ ಪ್ರೋಗ್ರಾಂ ಕೋಣೆಗೆ ಬಂದು ಪರದೆ ನೋಡಿ ಗಟ್ಟಿಯಾಗಿ ಓದಬೇಕು, ನಾನು ನಕ್ಷೆ ಹಿಡಿದು ಒಪ್ಪಿಸಿಕೊಳ್ಳಬೇಕು. ಎಕ್ಸ್ ಎಂದರೆ ಎಡಬಲ, ವೈ ಎಂದರೆ ಹಿಂದುಮುಂದು, ಝಡ್ ಎಂದರೆ ಮೇಲೆ ಕೆಳಗೆ. ಅಂಕಿಯ ಕೊನೆಯ ಚುಕ್ಕಿಯನ್ನೂ ಬಾಯಿಬಿಟ್ಟು ಹೇಳಬೇಕು. "ಝಡ್ ಐವತ್ತು ಚುಕ್ಕಿ." ಯಾಕೆಂದರೆ ನಮ್ಮ ಹಳೆಯ ಯಂತ್ರಗಳಿಗೆ ಐವತ್ತರ ಪಕ್ಕ ಚುಕ್ಕಿಯಿದ್ದರೆ ಐವತ್ತು ಮಿಲಿಮೀಟರ್. ಚುಕ್ಕಿ ಇಲ್ಲದಿದ್ದರೆ ಅದರ ಸಾವಿರದಲ್ಲೊಂದು ಪಾಲು. ತಲೆಕೂದಲಿನಷ್ಟೂ ದಪ್ಪವಿಲ್ಲ. ಕೊರೆಯುವ ಉಪಕರಣ ಮೂರು ಬೆರಳಗಲ ಮೇಲೆ ಏಳಬೇಕಾದಲ್ಲಿ ಕೂದಲಿನಷ್ಟು ಎದ್ದು, ಎದುರಿಗೆ ಏನಿದ್ದರೂ ಅದಕ್ಕೆ ನುಗ್ಗುತ್ತದೆ.

ಇವರು ಓದುತ್ತಿದ್ದರೆ ಕೇಳಲು ಹಿತವಾಗಿರುತ್ತಿತ್ತು. ಅವಸರವಿಲ್ಲ, ಎಳೆತವಿಲ್ಲ. ಮನೆಯಲ್ಲಿ ನಾವು ಇಬ್ಬರೂ ಅಷ್ಟಾಗಿ ಮಾತಾಡುವವರಲ್ಲ. ಒಟ್ಟು ಲೆಕ್ಕ ಹಾಕಿದರೆ ಅವರ ಧ್ವನಿಯನ್ನು ನಾನು ಹೆಚ್ಚು ಕೇಳಿದ್ದು ಆ ಕೋಣೆಯಲ್ಲಿಯೇ ಇರಬೇಕು.

ಹಸಿರು ಪರದೆ ಹೋಗಿ ಬಣ್ಣದ ಪರದೆ ಬಂದಾಗ ಅಕ್ಷರ ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂತು. ಮೊದಮೊದಲು ಆ ಸ್ವಾತಂತ್ರ್ಯದಿಂದ ಕೆಟ್ಟದ್ದೇ ಹೆಚ್ಚು. ಯಾರೋ ಒಬ್ಬರು ಮದುವೆ ಕರೆಯೋಲೆಯ ಹಾಗೆ ಬಳುಕುವ ಫಾಂಟು ಹಾಕಿದರು. ಅಂಕಿಗಳ ಸಾಲು ಸಂತೆಗೆ ಹೊರಟ ಕುರಿಗಳಂತೆ ಒಂದನ್ನೊಂದು ತಳ್ಳಿಕೊಂಡು ನಿಂತಿತು. ಇನ್ನೊಬ್ಬರು ಕೊರಿಯರ್ ಎಂಬ ಫಾಂಟು ಹಾಕಿದರು. ಕಾಗದದ ಮೇಲೆ ಅದು ಸರಿಯೇ, ಟೈಪ್‌ರೈಟರಿನ ವಂಶದ್ದು. ಪರದೆಯಲ್ಲಿ ಮಾತ್ರ ಗೀಟುಗಳು ಜೇಡರ ಬಲೆಯಷ್ಟು ತೆಳು, ಚುಕ್ಕಿಯನ್ನು ಹುಡುಕಬೇಕು. ಆಮೇಲೆ ಕಪ್ಪು ಹಿನ್ನೆಲೆಯ ಗೀಳು ಬಂತು. ಕತ್ತಲೆ ಕೋಣೆಯಲ್ಲಿ ಕೂರುವವರಿಗೆ ಅದು ಹಿತವಿರಬಹುದು. ನಮ್ಮ ಕೋಣೆಗೆ ಮೂಡಲ ಕಿಟಕಿ, ಮೇಲೆ ಟ್ಯೂಬ್‌ಲೈಟು. ಕಪ್ಪು ಪರದೆಯಲ್ಲಿ ಪ್ರೋಗ್ರಾಮಿಗಿಂತ ನನ್ನ ಮುಖವೇ ಚೆನ್ನಾಗಿ ಕಾಣುತ್ತಿತ್ತು. ನಾನು ಬಿಳಿಗೇ ವಾಪಸು ಬಂದೆ.

ಕನ್ನಡದ್ದೊಂದು ಪ್ರಸಂಗ ಹೇಳಬೇಕು. ಯಂತ್ರಕ್ಕೆ ಕೊಡುವ ಪ್ರೋಗ್ರಾಂ ಒಂದು, ಆಪರೇಟರಿಗೆ ಕೊಡುವ ಹಾಳೆ ಇನ್ನೊಂದು. ಯಾವ ಉಪಕರಣ ಹಾಕಬೇಕು, ಎಲ್ಲಿ ಬಿಗಿಯಬೇಕು ಎಂದು ಅದರಲ್ಲಿರುತ್ತದೆ. ಮಂಜುನಾಥ ಒಂದು ದಿನ ಬಂದು, "ಮೇಡಂ, ಇದನ್ನ ಕನ್ನಡದಲ್ಲಿ ಮಾಡ್ಕೊಡಿ. ಇಂಗ್ಲಿಷ್ ಅರ್ಥ ಆಗುತ್ತೆ, ಆದ್ರೆ ಅರ್ಥ ಆಗೋಷ್ಟರಲ್ಲಿ ಟೀ ಟೈಮ್ ಆಗುತ್ತೆ" ಎಂದ. ಕನ್ನಡವನ್ನೂ ಅಂಕಿಗಳ ಹಾಗೇ ಸಮ ಅಗಲದ ಮನೆಗಳಲ್ಲಿ ಕೂರಿಸಲು ಹೋದೆ. ಕೂರಲಿಲ್ಲ. "ರ" ಆರಾಮವಾಗಿ ಕಾಲು ಚಾಚಿ ಮಲಗುವ ಜಾಗದಲ್ಲಿ "ಸ್ಕ್ರೂ" ಇಟ್ಟರೆ ಅದರ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಸುತ್ತಿ ಸುತ್ತಿ ಕೊನೆಗೆ ಕಂಡುಕೊಂಡದ್ದು ಸರಳ. ಅಂಕಿಗಳೆಲ್ಲ ಎಡಕ್ಕೆ, ಸಮ ಅಗಲದ ಫಾಂಟಿನಲ್ಲಿ. ಕನ್ನಡ ಸಾಲಿನ ಕೊನೆಗೆ. ಅದರಾಚೆ ಏನೂ ಇಲ್ಲದ್ದರಿಂದ ಎಷ್ಟು ಅಗಲವಾದರೂ ಯಾರನ್ನೂ ತಳ್ಳುವುದಿಲ್ಲ. ಸಾಲುಗಳ ನಡುವೆ ಸ್ವಲ್ಪ ಹೆಚ್ಚು ಜಾಗ, ಒತ್ತಕ್ಷರ ಕಾಲಿಳಿಬಿಡಲಿ ಎಂದು. ಆ ಹಾಳೆ ಈಗಲೂ ಹಾಗೇ ನಡೆದಿದೆ ಎಂದು ದೀಪಿಕಾ ಹೇಳಿದಳು.

ಇನ್ನು ಇವರ ಕಣ್ಣಿನ ವಿಷಯ.

ಸಕ್ಕರೆ ಕಾಯಿಲೆ ಇವರಿಗೆ ಬೇಗ ಬಂತು. ಕನ್ನಡಕದ ಗಾಜು ವರ್ಷದಿಂದ ವರ್ಷಕ್ಕೆ ದಪ್ಪವಾಯಿತು. ಓದಿಸುವಾಗ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಳ್ಳುವುದು ಎಲ್ಲರಿಗೂ ಕಾಣತೊಡಗಿತು. ಮಂಜುನಾಥ "ಏನ್ ರಾಜಣ್ಣ, ಓದ್ತೀಯೋ ಮುತ್ತು ಕೊಡ್ತೀಯೋ?" ಎಂದರೆ ಎಲ್ಲರೂ ನಗುತ್ತಿದ್ದರು. ಇವರೂ ನಗುತ್ತಿದ್ದರು. ಮ್ಯಾನೇಜರ್ ನಾಗಭೂಷಣ ಸಾರ್ ನಗುತ್ತಿರಲಿಲ್ಲ, ನೋಡುತ್ತಿದ್ದರು. ಅವರು ಕೆಟ್ಟವರಲ್ಲ. ಯಂತ್ರಕ್ಕೆ ಏನಾದರೂ ಆದರೆ ಉತ್ತರ ಹೇಳಬೇಕಾದವರು.

ಆ ವರ್ಷದ ಆಯುಧಪೂಜೆಯನ್ನು ಎಂದಿನಂತೆ ಮಾಡಿದೆವು. ಯಂತ್ರಗಳಿಗೆ ಬಾಳೆಕಂದು, ಮಾವಿನ ಸೊಪ್ಪು, ಬೂದುಗುಂಬಳಕಾಯಿ. ನಾಗಭೂಷಣ ಸಾರ್ ಸ್ವತಃ ತಟ್ಟೆ ಹಿಡಿದು ಎಲ್ಲ ಯಂತ್ರಗಳಿಗೂ ವಿಭೂತಿ ಕುಂಕುಮ ಇಡುತ್ತ ಬಂದರು. ಪ್ರೋಗ್ರಾಂ ಕೋಣೆಯ ಕಂಪ್ಯೂಟರೂ ಆಯುಧವೇ. ಅದರ ಪರದೆಯ ಮೇಲಂಚಿಗೂ ಇಟ್ಟರು. ಪೂಜೆಯ ಕುಂಕುಮವನ್ನು ನಾವಾಗಿ ಒರೆಸಬಾರದು, ತಾನಾಗಿ ಉದುರಬೇಕು. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ನಿಯಮ. ಹಾಗಾಗಿ ದಿನಾ ಪರದೆ ಒರೆಸುತ್ತಿದ್ದ ನಾನು ಆ ಕುಂಕುಮ ಇರುವಷ್ಟು ದಿನ ಬಟ್ಟೆ ಮುಟ್ಟಲಿಲ್ಲ.

ಹಬ್ಬ ಕಳೆದು ಕೆಲಸ ಶುರುವಾಯಿತು. ದೀಪಿಕಾ ಆಗ ಹೊಸದಾಗಿ ಸೇರಿದ ಇಂಜಿನಿಯರ್. ಒಂದು ಪ್ರೋಗ್ರಾಮಿನಲ್ಲಿ, ಲೋಹವನ್ನು ಬಿಗಿದು ಹಿಡಿಯುವ ಕ್ಲಾಂಪು ಎತ್ತರವಾಗಿದ್ದರಿಂದ ಉಪಕರಣ ಇನ್ನೂ ಮೇಲೆ ಏಳಲಿ ಎಂದು ಒಂದು ಸಾಲನ್ನು ತಿದ್ದಿದಳು. ಇವರು ಬಂದು ಓದಿದರು. "ಝಡ್ ಐವತ್ತು ಚುಕ್ಕಿ." ನಾನು ನಕ್ಷೆ ನೋಡಿ ಸರಿ ಎಂದೆ. ಸ್ವಲ್ಪ ಹೊತ್ತಿಗೆ ಎರಡನೇ ಮಿಷಿನ್ನಿನಿಂದ, ತಗಡಿನ ಛಾವಣಿಗೆ ಬಂಡೆ ಬಿದ್ದಂತೆ ಸದ್ದಾಯಿತು. ಉಪಕರಣ ಏಳಲೇ ಇಲ್ಲ, ಅಡ್ಡ ಹೋಗಿ ಕ್ಲಾಂಪಿಗೆ ಹೊಡೆದು ಮುರಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಇವರು ಕೆಂಪು ಗುಂಡಿ ಒತ್ತಿ, ಯಂತ್ರದ ಬಾಗಿಲ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದರು.

ನಾಗಭೂಷಣ ಸಾರ್ ಪ್ರೋಗ್ರಾಮನ್ನು ಕಾಗದಕ್ಕೆ ತೆಗೆಸಿದರು. ಆ ಸಾಲಿನಲ್ಲಿ ಐವತ್ತು ಇದೆ, ಚುಕ್ಕಿ ಇಲ್ಲ.

"ನಾನೇ ಬರ್ದಿದ್ದು ಸಾರ್" ಎಂದಳು ದೀಪಿಕಾ. ಅವಳು ಕಲಿತ ಹೊಸ ಯಂತ್ರಗಳಿಗೆ ಬರೀ ಐವತ್ತು ಎಂದರೂ ಐವತ್ತು ಮಿಲಿಮೀಟರೇ.

"ಬರೆಯೋರು ತಪ್ಪು ಮಾಡ್ತಾರಮ್ಮ. ಅದಕ್ಕೇ ಓದೋರನ್ನ ಇಟ್ಟಿರೋದು" ಎಂದು ಸಾರ್ ಇವರ ಕಡೆ ತಿರುಗಿದರು. "ಏನಪ್ಪಾ ಮುನಿರಾಜು, ಚುಕ್ಕಿ ಅಂತ ಓದಿದೆಯಂತೆ?"

"ಓದ್ದೆ ಸಾರ್."

"ಇತ್ತಾ?"

"ಕಂಡಿತ್ತು ಸಾರ್."

ಸಾರ್ ಕಾಗದವನ್ನು ಮಡಚಿ ಜೇಬಿಗಿಟ್ಟರು. ಧ್ವನಿ ಏರಿಸಲಿಲ್ಲ. "ಸೋಮವಾರದಿಂದ ಮಂಜುನಾಥ ಎರಡನೇ ಮಿಷಿನ್ ನೋಡ್ಕೊಳ್ಳಲಿ. ನೀನು ಸ್ಟೋರ್ಸಿಗೆ ಹೋಗಪ್ಪ. ಸಂಬಳ ಏನೂ ಕಮ್ಮಿ ಆಗಲ್ಲ." ಇವರು ತಲೆಯಾಡಿಸಿದರು. ಮಂಜುನಾಥ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ.

ನಾನು ಕೋಣೆಗೆ ಬಂದು ಕೂತೆ. ನನಗೆ ಗೊತ್ತಿದ್ದಂತೆ ಇವರು ಕಾಣದ್ದನ್ನು ಕಂಡಿತು ಎನ್ನುವವರಲ್ಲ. ಪ್ರೋಗ್ರಾಮನ್ನು ಮತ್ತೆ ತೆರೆದು, ಓದಿಸುವಾಗ ತಿರುವುವ ಹಾಗೇ ಪುಟ ಪುಟವಾಗಿ ಕೆಳಗೆ ಬಂದೆ. ಆ ಸಾಲು ಬಂತು. ಐವತ್ತು, ಅದರ ಪಕ್ಕದಲ್ಲಿ ಚುಕ್ಕಿ. ಕಾಗದದಲ್ಲಿ ಇಲ್ಲದ್ದು ಪರದೆಯಲ್ಲಿ ಹೇಗೆ ಬಂತು? ಒಂದು ಸಾಲು ಮೇಲಕ್ಕೆ ಸರಿಸಿದೆ. ಐವತ್ತು ಮೇಲೆ ಹೋಯಿತು. ಚುಕ್ಕಿ ಇದ್ದಲ್ಲಿಯೇ ಇತ್ತು.

ಎದ್ದು ಹೋಗಿ ನಾಗಭೂಷಣ ಸಾರ್ ಅವರನ್ನು ಕರೆದುಕೊಂಡು ಬಂದೆ. ಸಾಲನ್ನು ಮೊದಲಿನ ಜಾಗಕ್ಕೆ ತಂದು, "ಓದಿ ಸಾರ್" ಎಂದೆ.

"ಝಡ್ ಐವತ್ತು ಚುಕ್ಕಿ. ಇದೆಯಲ್ಲಮ್ಮ, ಮತ್ತೆ ಕಾಗದದಲ್ಲಿ..."

ನಾನು ಗುಂಡಿ ಒತ್ತಿ ಸಾಲನ್ನು ಸರಿಸಿದೆ. ಸಾರ್ ಬಗ್ಗಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಅವು ಹಳೆಯ ದಪ್ಪ ಪರದೆಗಳು. ಗಾಜಿಗೆ ಧೂಳನ್ನು ಎಳೆದುಕೊಳ್ಳುವ ಗುಣ. ಮೇಲಂಚಿನ ಕುಂಕುಮ ಒಣಗಿ ಉದುರಿ, ಒಂದು ಕಣ ಗಾಜಿಗೆ ಅಂಟಿ ಕೂತಿತ್ತು. ಬಿಳಿ ಬೆಳಕಿನ ಎದುರು ಕಪ್ಪಗೆ ಕಾಣುತ್ತಿತ್ತು. ಸಮ ಅಗಲದ ಅಕ್ಷರಗಳಾದ್ದರಿಂದ ಸರಿಯಾಗಿ ಚುಕ್ಕಿಯ ಮನೆಯೊಳಗೇ ಕೂತಿತ್ತು.

"ನಾನೇ ಇಟ್ಟ ಕುಂಕುಮ" ಎಂದರು ಸಾರ್. ಕರವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ ತಾವೇ ಒರೆಸಿದರು. ಒರೆಸಿದ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಮಡಚಿಟ್ಟರು. ಆಮೇಲೆ ಎಲ್ಲರ ಎದುರಿಗೇ ಇವರಿಗೆ, "ನನ್ನ ಕಣ್ಣಿಗೂ ಚುಕ್ಕೀನೇ ಕಾಣಿಸ್ತಪ್ಪ. ನಿನ್ನ ಮಿಷಿನ್ ನೀನೇ ನಡೆಸು" ಎಂದರು. ಅಂದಿನಿಂದ ಕುಂಕುಮ ಕಂಪ್ಯೂಟರಿನ ಮೇಜಿನ ಕಾಲಿಗೆ. ಪರದೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಹಬ್ಬವಿರಲಿ ಇಲ್ಲದಿರಲಿ.

ಗೆದ್ದೆವು ಎಂದುಕೊಂಡು ನಾನು ಸಂಜೆ ಮೊಪೆಡ್ಡಿನ ಹಿಂದೆ ಕೂತೆ. ರೈಲ್ವೆ ಗೇಟು ಹಾಕಿತ್ತು. ಇವರು ಕಾಲು ಕೆಳಗಿಟ್ಟು, ತಿರುಗದೆಯೇ ಮಾತಾಡಿದರು.

"ಸುಶೀಲಾ, ಕುಂಕುಮ ಅನ್ನೋದು ನಿಜ. ಆದ್ರೆ ನಂಗೆ ಎಲ್ಲಾ ಚುಕ್ಕಿನೂ ಹಂಗೇ ಮಸುಕಾಗೇ ಕಾಣೋದು. ಬೇರೆಯೋರಾಗಿದ್ರೆ ಇದ್ಯಾಕೋ ಬೇರೆ ಥರ ಇದೆ ಅಂತಿದ್ರೋ ಏನೋ."

"ಸಾರ್‌ಗೂ ಗೊತ್ತಾಗ್ಲಿಲ್ಲವಲ್ರೀ."

"ಸಾರ್ ಮಿಷಿನ್ ನಡೆಸಲ್ಲ." ಮೊಪೆಡ್ಡಿನ ಇಂಜಿನ್ ಆರಿಸಿದರು. "ಬಿಡೋ ದಿನ ಬರುತ್ತೆ, ಗೊತ್ತು. ಬಿಡೋದಾದ್ರೆ ನಾನೇ ಬಿಡ್ಬೇಕು ಕಣೇ. ಇನ್ನೊಬ್ರು ಬಂದು ಬಿಡಿಸ್ಬಾರ್ದು. ಅಲ್ಲಿವರ್ಗೂ ನಂಗೆ ಕಾಣೋ ಹಂಗೆ ಏನಾದ್ರೂ ಮಾಡ್ಕೊಡು."

ಯಂತ್ರಕ್ಕೇ ಸೇರಿದ ಪುಟ್ಟ ಪರದೆಯ ಅಕ್ಷರಗಳನ್ನು ಬದಲಾಯಿಸಲು ಬರುವುದಿಲ್ಲ. ಆದರೆ ಆ ಹೊತ್ತಿಗೆ ಉದ್ದದ ಪ್ರೋಗ್ರಾಮುಗಳನ್ನು ಪಕ್ಕದ ಕಂಪ್ಯೂಟರಿನಿಂದ ಯಂತ್ರಕ್ಕೆ ಉಣಿಸುವ ಏರ್ಪಾಡು ಬಂದಿತ್ತು. ಸಾರ್ ಒಪ್ಪಿ ಎರಡನೇ ಮಿಷಿನ್ನಿನ ಪಕ್ಕಕ್ಕೆ ಒಂದು ಕಂಪ್ಯೂಟರ್ ಹಾಕಿಸಿದರು. ಅದರ ಅಕ್ಷರ ನಮ್ಮ ಕೈಯಲ್ಲಿತ್ತು. ಶನಿವಾರ ಮಧ್ಯಾಹ್ನ ಪಾಳಿ ಮುಗಿದ ಮೇಲೆ ಇವರನ್ನು ಯಂತ್ರದ ಮುಂದೆ, ಕೆಲಸ ಮಾಡುವಾಗ ನಿಲ್ಲುವ ಜಾಗದಲ್ಲಿಯೇ ನಿಲ್ಲಿಸಿದೆ. ಕನ್ನಡಕದ ಮೇಲೆ ಸುರಕ್ಷತೆಯ ಕನ್ನಡಕವೂ ಇರಲಿ ಎಂದೆ. ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ. ಫಾಂಟನ್ನು ಕುರ್ಚಿಯಲ್ಲಿ ಕೂತು ಆರಿಸಬೇಡಿ. ಯಾರು ಓದುತ್ತಾರೋ ಅವರು ನಿಲ್ಲುವ ದೂರದಲ್ಲಿ, ಅವರಿಗೆ ಬೀಳುವ ಬೆಳಕಿನಲ್ಲಿ, ಅವರ ಕಣ್ಣಿನಲ್ಲಿ ಆರಿಸಿ.

ಗೊಂದಲವಾಗುವ ಅಕ್ಷರಗಳನ್ನೆಲ್ಲ ಒಂದು ಕಡೆ ಹೊಡೆದು, ಒಂದೊಂದೇ ಫಾಂಟು ಬದಲಾಯಿಸುತ್ತ ಹೋದೆ.

"ಇದೇನು ಹೇಳಿ."

"ಎಂಟು."

"ಸರಿಯಾಗಿ ನೋಡಿ."

"ಎಂಟೇ ಕಣೇ."

"ಅಡ್ಡಗೀಟಿನ ಸೊನ್ನೆ ರೀ ಅದು."

"ಸೊನ್ನೆಗೆ ಯಾಕೆ ಗೀಟು? ಏನ್ ತಪ್ಪು ಮಾಡ್ತು ಅಂತ ಬರೆ ಹಾಕಿದ್ದಾರೆ?"

ಇನ್ನೊಂದು ಫಾಂಟಿನಲ್ಲಿ ಸೊನ್ನೆಯ ಹೊಟ್ಟೆಯೊಳಗೆ ಚುಕ್ಕಿ. ಓ ಅಕ್ಷರವಲ್ಲ ಎಂದು ತಿಳಿಯಲಿ ಎಂಬುದಕ್ಕೆ ಹಾಗೆ ಮಾಡುತ್ತಾರೆ, ಬೇರೆ ಪ್ರೋಗ್ರಾಂ ಬರೆಯುವವರಿಗೆ ಅದು ದೊಡ್ಡ ಉಪಕಾರ. ಇವರು ಅದನ್ನೂ ಬೇಡವೆಂದರು. "ಒಳಗೊಂದು ಚುಕ್ಕಿ, ಹೊರಗೊಂದು ಚುಕ್ಕಿ. ಯಾವುದನ್ನ ಓದ್ಲಿ?" ನಮ್ಮ ಪ್ರೋಗ್ರಾಮಿನಲ್ಲಿ ಓ ಬರುವುದು ತಲೆಬರಹದಲ್ಲಿ ಒಂದೇ ಸಲ. ಹಾಗಾಗಿ ಬರಿಯ ಉದ್ದನೆಯ ಸೊನ್ನೆಯಿರುವುದನ್ನು ಇಟ್ಟುಕೊಂಡೆವು. ಅಕ್ಷರವನ್ನು ದಪ್ಪ ಮಾಡಿದರೆ ಚೆನ್ನಾಗಿ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ಮಾಡಿ ನೋಡಿದರೆ ಆರರ ಹೊಟ್ಟೆ, ಎಂಟರ ಹೊಟ್ಟೆ ಮುಚ್ಚಿಹೋಯಿತು. ದಪ್ಪಕ್ಕಿಂತ ಸಾಲಿನ ನಡುವಿನ ಜಾಗ ಹೆಚ್ಚು ಕೆಲಸಕ್ಕೆ ಬಂತು. ಋಣಚಿಹ್ನೆ ಉದ್ದವಾಗಿರಬೇಕು. ಹಿನ್ನೆಲೆ ಹಾಲುಬಿಳಿಯಲ್ಲ, ಬೆಣ್ಣೆಯ ಬಣ್ಣ.

"ಎಲ್ಲಕ್ಕಿಂತ ಚುಕ್ಕಿ" ಎಂದರು ಇವರು. "ಸಾಸಿವೆ ಥರ ಇದ್ರೆ ಆಗಲ್ಲ. ಹೆಸರುಕಾಳು ಥರ ಇರ್ಬೇಕು."

ಹೆಸರುಕಾಳಿನಷ್ಟು ದಪ್ಪದ ಚೌಕ ಚುಕ್ಕಿಯ ಒಂದು ಫಾಂಟು ಸಿಕ್ಕಿತು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನೀವು ಅದನ್ನೇ ಹಾಕಿಕೊಂಡು ಸುಮ್ಮನಾಗುತ್ತೀರಿ. ಅದು ಇವರ ಕಣ್ಣಿಗೆ ಹೊಂದಿದ್ದು.

ಅದರಲ್ಲಿ ಇವರು ವರ್ಷಗಳ ಕಾಲ ಯಂತ್ರ ನಡೆಸಿದರು. ಕುರ್ಚಿ ಎಳೆದುಕೊಳ್ಳುವುದು ನಿಂತಿತು. ಪ್ರೋಗ್ರಾಂ ಕೋಣೆಗೂ ಅದೇ ಅಕ್ಷರ ಬಂತು. ದೀಪಿಕಾ ಮೊದಲು "ಇದೇನು ಮೇಡಂ, ಒಂದನೇ ಕ್ಲಾಸಿನ ಪುಸ್ತಕದ ಥರ" ಎಂದಳು. ಆಮೇಲೆ ಒಂದು ತಲೆನೋವಿನ ದಿನ ತಾನೂ ಹಾಕಿಕೊಂಡು, ತೆಗೆಯಲಿಲ್ಲ. ನಡುವೆ ಕಣ್ಣಾಸ್ಪತ್ರೆಗೆ ಹೋಗಿಬರುವುದು ನಡೆದೇ ಇತ್ತು. ಪ್ರತಿ ಸಲ ಬಂದ ಮೇಲೆ ನಾನು ಅಕ್ಷರವನ್ನು ಒಂದಿಷ್ಟು ಏರಿಸುತ್ತಿದ್ದೆ. ಇವರು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಅಕ್ಷರ ಏರಿದಷ್ಟೂ ಪರದೆಯಲ್ಲಿ ಕಾಣುವ ಸಾಲುಗಳು ಕಡಿಮೆಯಾಗುತ್ತವೆ. ಮುಂದಿನದ್ದನ್ನು ನೋಡಲು ಮತ್ತೆ ಮತ್ತೆ ತಿರುವಬೇಕು. ಆ ದಿನಗಳು ನನಗೆ ಕಷ್ಟದ ದಿನಗಳಾಗಿ ನೆನಪಿಲ್ಲ. ಬೆಳಿಗ್ಗೆ ಪರದೆ ಒರೆಸುವುದು, ಇವರ ಓದು ಕೇಳುವುದು, ಸರಿ ಎನ್ನುವುದು. ಸುಖವಾಗಿಯೇ ಇದ್ದೆವು.

ಒಂದು ಬೆಳಿಗ್ಗೆ ಪ್ರೋಗ್ರಾಂ ಕೋಣೆಯಲ್ಲಿ ಓದುತ್ತಿದ್ದವರು ನಡುವೆ ನಿಲ್ಲಿಸಿದರು.

"ಸುಶೀಲಾ, ಈ ಸಾಲು ನೀನು ಓದು."

"ಯಾಕೆ? ಸರಿಯಾಗೇ ಓದ್ತಿದ್ದೀರಲ್ಲ."

"ಸರಿಯಾಗೇ ಓದ್ತಿದ್ದೀನಿ. ಕಂಡು ಓದ್ತಾ ಇಲ್ಲ. ಇಲ್ಲಿ ಚುಕ್ಕಿ ಇರ್ಲೇಬೇಕು ಅಂತ ಗೊತ್ತಿದೆ, ಅದಕ್ಕೇ ಓದ್ತಿದ್ದೀನಿ."

ನಾನು ಪರದೆ ನೋಡಿದೆ. ಚುಕ್ಕಿ ಇತ್ತು. ಹಿಂದಿನ ಸಾಲುಗಳನ್ನೂ ನೋಡಿದೆ. ಒಂದೂ ತಪ್ಪಿಲ್ಲ. ದೀಪಿಕಾ ತನ್ನ ಮೇಜಿನಿಂದ ಎದ್ದು ಬಂದು, "ಇನ್ನೂ ಸ್ವಲ್ಪ ದೊಡ್ಡದು ಮಾಡೋಣ ಅಣ್ಣ" ಎಂದಳು. ಇವರು "ಬೇಡಮ್ಮ, ಇನ್ನು ಗೋಡೆ ಮೇಲೆ ಬರೀಬೇಕಾಗುತ್ತೆ" ಎಂದು ಎದ್ದು ಸೀದಾ ನಾಗಭೂಷಣ ಸಾರ್ ಕೋಣೆಗೆ ಹೋದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಸಾರ್, ಎರಡನೇ ಮಿಷಿನ್ ಮಂಜುನಾಥನಿಗೆ ಕೊಡಿ. ನಂಗೆ ಕಣ್ಣು ಸಾಲ್ತಾ ಇಲ್ಲ."

ಸಾರ್ ಪೆನ್ನು ಕೆಳಗಿಟ್ಟರು. "ಯಾಕಪ್ಪಾ, ಏನಾಯ್ತು? ಒಂದೂ ತಪ್ಪು ಮಾಡಿಲ್ಲವಲ್ಲ ನೀನು."

"ಅದಕ್ಕೇ ಸಾರ್ ಈಗ ಬಂದಿದ್ದು."

ಸಾರ್ ಎದ್ದು ಬಂದು ಇವರ ಭುಜದ ಮೇಲೆ ಕೈಯಿಟ್ಟರು. ಇವರನ್ನು ಜೋಡಣೆ ವಿಭಾಗಕ್ಕೆ ಹಾಕಿದರು. ಅಲ್ಲಿ ಕೈಬೆರಳೇ ಕಣ್ಣು. ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು. ಕಣ್ಣು ಪೂರ್ತಿ ಹೋಗಲಿಲ್ಲ. ಅವರನ್ನು ಕರೆದುಕೊಂಡು ಹೋದದ್ದು ಹೃದಯ. ಮಾತಾಡಿಸಲು ಬಂದವರು ಕಣ್ಣಿನ ಮಾತೆತ್ತಿ ಪಾಪ ಎಂದಾಗ ನಾನು ಸುಮ್ಮನೆ ಕಾಫಿ ಕೊಡುತ್ತಿದ್ದೆ. ಮಂಜುನಾಥನಿಗೆ ಯಂತ್ರ ವಹಿಸಿಕೊಟ್ಟ ದಿನವನ್ನು ಅವರು ಯಾರೂ ನೋಡಿರಲಿಲ್ಲ.

ಅವತ್ತು ಮಂಜುನಾಥ ಎರಡನೇ ಮಿಷಿನ್ನಿನ ಪಕ್ಕದ ಪರದೆಯ ಮುಂದೆ ಅಳುಕುತ್ತ ನಿಂತಿದ್ದ. ಒಂದು ಪುಟದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಸಾಲು, ಒಂದೊಂದು ಅಂಕಿಯೂ ಬೆರಳುದ್ದ. ಅವನಿಗೆ ಕಷ್ಟವಾಗುತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ನನಗೂ ಕೈ ಬರಲಿಲ್ಲ. ಇವರೇ ಹೇಳಿದರು.

"ಅಕ್ಷರ ಇಳಿಸು ಸುಶೀಲಾ. ಅವನಿಗೆ ಕಣ್ಣಿದೆ, ಮುಂದಿಂದು ಕಾಣ್ಲಿ."

"ಇರ್ಲಿ ಬಿಡು ರಾಜಣ್ಣ, ಅಭ್ಯಾಸ ಆಗುತ್ತೆ" ಎಂದ ಮಂಜುನಾಥ.

"ಲೇ, ಮಿಷಿನ್ ನಡೆಸೋಕೆ ಬಂದಿದ್ದೀಯೋ ನನ್ನ ಮೆಚ್ಚಿಸೋಕೋ? ಇಳಿಸು ಅಂದೆ."

ಇಳಿಸಿದೆ. ಒಂದೊಂದೇ ಮೆಟ್ಟಿಲು ಇಳಿದಂತೆ ಅಂಕಿಗಳು ಚಿಕ್ಕದಾಗುತ್ತ, ಕೆಳಗಿನಿಂದ ಹೊಸ ಸಾಲುಗಳು ಬರುತ್ತ ಹೋದವು. ಅಷ್ಟು ಸಾಲುಗಳನ್ನು ಒಟ್ಟಿಗೆ ನೋಡಿ ನನಗೆ ಎಷ್ಟೋ ಕಾಲವಾಗಿತ್ತು.

"ಎಷ್ಟು ಬಂತು?"

"ಪೂರ್ತಿ ಬಂತು ರೀ."

"ಓದಪ್ಪಾ ಮಂಜುನಾಥ, ಅವಸರ ಬೇಡ."

ನಾನು ನಕ್ಷೆ ಹಿಡಿದೆ. ಮಂಜುನಾಥ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಇವರು ಯಂತ್ರದ ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಒಂದೊಂದು ಚುಕ್ಕಿಗೂ "ಹ್ಞೂ" ಎನ್ನುತ್ತ ಕೊನೆಯ ಸಾಲಿನವರೆಗೂ ನಿಂತಿದ್ದರು.